ಗಾಡಿಗೆ ತಾಕತ್ತಿದೆ, ಗುಡ್ಡಕ್ಕಿಲ್ಲ

ಕೋಟಿಗಟ್ಟಲೆ ಬೆಲೆಯ ಎಸ್‌ಯುವಿಯನ್ನು ಎತ್ತರಿಸಿ, ದಪ್ಪ ಕಚ್ಚಿನ ಟೈರು ಹಾಕಿಸಿ, ಮುಂದಿನ ಬಂಪರಿಗೆ ವಿಂಚ್ ಕೂರಿಸಿ, ಕೆಜಿಎಫ್‌ನ ಸೈನೈಡ್ ಗುಡ್ಡದ ನೆತ್ತಿಯ ಮೇಲೆ ನಿಲ್ಲಿಸಿದ ಚಿತ್ರವೊಂದು ಮೊಬೈಲಿನಲ್ಲಿ ಬಂದರೆ ನೋಡಿದವರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ಮೂಗು ಮುರಿಯುತ್ತದೆ: ಇದೆಲ್ಲ ದುಡ್ಡಿದ್ದವರ ಶೋಕಿ, ಇಂಥ ಗಾಡಿ ಮಾಲ್ ಮುಂದೆ ನಿಲ್ಲಿಸೋಕೆ ಮಾತ್ರ ಲಾಯಕ್ಕು, ಮಣ್ಣಿಗಿಳಿಯೋಕೆ ಜಿಪ್ಸಿನೇ ಬೇಕು. ಇನ್ನೊಂದು ಪಂಗಡ ಉದಾರವಾಗಿ ಕೈಬೀಸುತ್ತದೆ: ಅವರ ದುಡ್ಡು, ಅವರ ಗಾಡಿ, ಯಾರ ಹೊಲವನ್ನೂ ತುಳಿದಿಲ್ಲವಲ್ಲ, ಅದು ಹೇಗೂ ಪಾಳುಬಿದ್ದ ಜಾಗ.

ನನಗೆ ಎರಡೂ ಒಪ್ಪಿಗೆಯಿಲ್ಲ. ಮೊದಲಿನವರು ಗಾಡಿಯನ್ನು ತಪ್ಪಾಗಿ ಅಳೆದಿದ್ದಾರೆ, ಎರಡನೆಯವರು ನೆಲವನ್ನು. ಗಾಡಿಯ ಬಗ್ಗೆ ತಪ್ಪು ತಿಳಿದರೆ ಹಾಳಾಗುವುದು ಒಂದು ವಾದ. ನೆಲದ ಬಗ್ಗೆ ತಪ್ಪು ತಿಳಿದರೆ ಅದರ ದೂಳು ಇನ್ನೊಬ್ಬರ ಅಡುಗೆಮನೆಗೆ ಹೋಗುತ್ತದೆ.

ಮೊದಲು ಗಾಡಿಯ ಪರವಾಗಿ ನಾಲ್ಕು ಮಾತು ಆಡಲೇಬೇಕು. 2002ರಲ್ಲಿ ಪೋರ್ಷೆ ಕಂಪನಿ ಕಯೆನ್ ಹೊರತಂದಾಗ ಅದರ ಅಭಿಮಾನಿಗಳೇ ತಲೆ ಚಚ್ಚಿಕೊಂಡರು. ಸ್ಪೋರ್ಟ್ಸ್ ಕಾರು ಮಾಡುವವರಿಗೆ ಈ ದಡೂತಿ ಗಾಡಿಯ ಉಸಾಬರಿ ಯಾಕೆ ಎಂದು. ಆ ಗಲಾಟೆಯಲ್ಲಿ ಅದರ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದವರು ಕಡಿಮೆ. ಫೋಕ್ಸ್‌ವ್ಯಾಗನ್ ಟೂರೆಗ್ ಜೊತೆ ಹಂಚಿಕೊಂಡ ಆ ಚೌಕಟ್ಟಿನಲ್ಲಿ ಲೋ ರೇಂಜ್ ಗೇರ್ ಇತ್ತು. ನಡುವಿನ ಡಿಫರೆನ್ಷಿಯಲ್ ಪೂರ್ತಿ ಲಾಕ್ ಆಗುತ್ತಿತ್ತು. ಕೇಳಿ ಹಾಕಿಸಿಕೊಂಡರೆ ಹಿಂದಿನದಕ್ಕೂ ಲಾಕ್ ಸಿಗುತ್ತಿತ್ತು. ಏರ್ ಸಸ್ಪೆನ್ಷನ್ ಇದ್ದ ಗಾಡಿ ಒಂದು ಗುಂಡಿ ಒತ್ತಿದರೆ ನೆಲದಿಂದ 273 ಮಿಲಿಮೀಟರ್ ಮೇಲೇಳುತ್ತಿತ್ತು, ಗೇಣಿಗಿಂತ ಹೆಚ್ಚು. ಅರ್ಧ ಮೀಟರಿನಷ್ಟು ನೀರನ್ನು ಹಾಯ್ದು ಹೋಗುವಂತಿತ್ತು. 2007ರಲ್ಲಿ ಮಾಸ್ಕೋದಿಂದ ಮಂಗೋಲಿಯಾದ ಉಲಾನ್‌ಬಾತರ್‌ವರೆಗೆ ನಡೆದ ಟ್ರಾನ್ಸ್‌ಸೈಬೀರಿಯಾ ರ‍್ಯಾಲಿಯಲ್ಲಿ ಮೊದಲ ಮೂರು ಸ್ಥಾನಗಳೂ ಕಯೆನ್‌ಗಳ ಪಾಲಾದವು. ಇದನ್ನು ಶೋಕಿ ಗಾಡಿ ಎಂದು ತಳ್ಳಿಹಾಕುವವರು ತಮ್ಮ ಜಿಪ್ಸಿಯನ್ನು ಒಮ್ಮೆ ಸೈಬೀರಿಯಾದ ಕಡೆ ತಿರುಗಿಸಿ ನೋಡಲಿ.

2010ರಲ್ಲಿ ಬಂದ ಎರಡನೆಯ ತಲೆಮಾರಿನ ಕಯೆನ್‌ನಲ್ಲಿ ಆ ಲೋ ರೇಂಜ್ ಗೇರನ್ನೇ ಕಿತ್ತುಹಾಕಿದರು. ತೂಕ ಇಳಿಯಿತು, ರಸ್ತೆಯ ಮೇಲಿನ ಚುರುಕು ಏರಿತು. ಕೊಂಡವರಲ್ಲಿ ಎಷ್ಟು ಮಂದಿ ಆ ಗೇರನ್ನು ಮುಟ್ಟಿದ್ದರು ಎನ್ನುವುದನ್ನು ಕಂಪನಿಯ ಈ ಒಂದು ತೀರ್ಮಾನವೇ ಹೇಳುತ್ತದೆ. ಇವತ್ತು ಹಳೆಯ ಕಯೆನ್ ಹುಡುಕಿ ತಂದು ಮಣ್ಣಿಗೆ ಸಿದ್ಧಪಡಿಸುವ ಹುಡುಗರ ಬಗ್ಗೆ ನನಗೆ ತಾತ್ಸಾರವಿಲ್ಲ. ತಯಾರಕರೇ ಮರೆತ ಸಾಮರ್ಥ್ಯವೊಂದನ್ನು ಅವರು ಎಚ್ಚರಿಸುತ್ತಿದ್ದಾರೆ. ಮರ್ಸಿಡಿಸ್ ಜಿ ಕ್ಲಾಸ್ ಕಥೆಯೂ ಬೇರೆಯಲ್ಲ. 1979ರಿಂದ ಬರುತ್ತಿರುವ, ಮೂರೂ ಡಿಫರೆನ್ಷಿಯಲ್‌ಗಳಿಗೆ ಲಾಕ್ ಇರುವ ಆ ಚೌಕಾಕಾರದ ಗಾಡಿಯನ್ನು ಮದುವೆ ಮೆರವಣಿಗೆಗೆ ಇಳಿಸಿದ್ದು ನಾವು. ಈಚೆಗೆ ಲ್ಯಾಂಡ್ ರೋವರ್ ಡಿಫೆಂಡರ್ ಆಕ್ಟಾ ಬಂದಿದೆ: 635 ಅಶ್ವಶಕ್ತಿ, ಒಂದು ಮೀಟರ್ ಆಳದ ನೀರು ಹಾಯುವ ಶಕ್ತಿ, ಎಲ್ಲ ಕಾರ್ಖಾನೆಯಲ್ಲೇ ಮುಗಿದು ಬರುತ್ತದೆ. ಬಿಡುಗಡೆಯಾದಾಗ ಬೆಲೆ ಎರಡೂವರೆ ಕೋಟಿ ದಾಟಿತ್ತು.

ಹಾಗಾದರೆ ಜಿಪ್ಸಿಯವರ ಮಾತಿನಲ್ಲಿ ಹುರುಳೇ ಇಲ್ಲವೇ? ಇದೆ, ಅವರು ಹೇಳುವ ಕಡೆ ಇಲ್ಲ. ವ್ಯತ್ಯಾಸ ಇರುವುದು ತೂಕದಲ್ಲಿ. ಜಿಪ್ಸಿ ಸುಮಾರು ಒಂದು ಟನ್. ಮೊದಲ ಕಯೆನ್ ಟರ್ಬೊ 2,355 ಕಿಲೋ. ಅದಕ್ಕೆ ಲೋಹದ ಬಂಪರು, ವಿಂಚ್, ಅಡಿತಟ್ಟೆ, ಮೇಲ್ಛಾವಣಿಯ ಕ್ಯಾರಿಯರು, ಎರಡನೆಯ ಸ್ಟೆಪ್ನಿ ಎಲ್ಲ ಸೇರಿಸಿದರೆ ಎರಡೂವರೆ ಟನ್ ದಾಟುತ್ತದೆ. 450 ಅಶ್ವಶಕ್ತಿಯೂ 620 ನ್ಯೂಟನ್ ಮೀಟರ್ ತಿರುಚುಬಲವೂ ಹೆದ್ದಾರಿಯಲ್ಲಿ ವರ. ಸಡಿಲ ಮಣ್ಣಿನಲ್ಲಿ ಕಾಲು ಸ್ವಲ್ಪ ಹೆಚ್ಚು ಒತ್ತಿದರೂ ಚಕ್ರ ಹಿಡಿತ ತಪ್ಪಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ದೊಡ್ಡ ಶಕ್ತಿಯನ್ನು ನಿಲ್ಲಿಸಲು ದೊಡ್ಡ ಬ್ರೇಕ್ ಡಿಸ್ಕ್ ಬೇಕು, ಅದು ಕೂರಲು ದೊಡ್ಡ ರಿಮ್ ಬೇಕು, ದೊಡ್ಡ ರಿಮ್ ಬಂದಷ್ಟೂ ಟೈರಿನ ಗೋಡೆ ಗಿಡ್ಡವಾಗುತ್ತದೆ. ಗಿಡ್ಡ ಗೋಡೆಯ ಟೈರಿನಲ್ಲಿ ಗಾಳಿ ಇಳಿಸಲು ಅಂಜಬೇಕು. ಮರಳಿನಲ್ಲೂ ಹುಡಿಮಣ್ಣಿನಲ್ಲೂ ಗಾಡಿಯನ್ನು ತೇಲಿಸುವುದು ಮುಖ್ಯವಾಗಿ ಈ ಗಾಳಿ ಇಳಿಸುವ ಕೆಲಸವೇ. ಅದಕ್ಕೆ ಖರ್ಚು ಏನೂ ಇಲ್ಲ. ಲಕ್ಷಗಟ್ಟಲೆ ಸುರಿದು ಗಾಡಿ ಎತ್ತರಿಸಿದವರು ಆಮೇಲೆ ಟೈರಿನ ಗಾಳಿ ಇಳಿಸಲು ಹಿಂದೆಮುಂದೆ ನೋಡುವುದು ಈ ಹವ್ಯಾಸದ ಒಳಗಿನ ತಮಾಷೆ.

ಎತ್ತರಿಸುವುದರಲ್ಲೂ ಒಂದು ಕಿರಿಕಿರಿಯಿದೆ. ಸಸ್ಪೆನ್ಷನ್ ಮೇಲೇರಿದಷ್ಟೂ ಡ್ರೈವ್ ಶಾಫ್ಟುಗಳ ಕೋನ ಕಡಿದಾಗುತ್ತದೆ, ಕೀಲುಗಳು ಬೇಗ ಸವೆಯುತ್ತವೆ. ಹಳೆಯ ಕಯೆನ್‌ನಲ್ಲಿ ಉದ್ದ ಪ್ರೊಪೆಲ್ಲರ್ ಶಾಫ್ಟಿನ ನಡುಬೇರಿಂಗ್ ಮೊದಲೇ ನಾಜೂಕು ಎಂಬುದು ಆ ಗಾಡಿ ಬಲ್ಲ ಯಾವ ಮೆಕ್ಯಾನಿಕ್‌ಗಾದರೂ ಗೊತ್ತು. ಕಾನೂನಿನ ಕಡೆಯಿಂದಲೂ ದಾರಿ ಇಕ್ಕಟ್ಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗಿನ ಸೆರೆಯನ್ನು ಸೇರಿಸಿತು. ಮೂರು ಕೋಟಿಯ ಗಾಡಿಯವನಿಗೆ ಐದು ಸಾವಿರ ಎಂದರೆ ಒಂದು ಟ್ಯಾಂಕ್ ಪೆಟ್ರೋಲಿಗೂ ಸಾಲದು. ಈ ಕಾನೂನಿನ ಬಗ್ಗೆ ಇಷ್ಟು ಸಾಕು.

ಇಷ್ಟೆಲ್ಲ ಆದರೂ, ಎಚ್ಚರದಿಂದ ಮಾರ್ಪಡಿಸಿದ, ಎಚ್ಚರದಿಂದ ಓಡಿಸಿದ ಗಾಡಿ ಗುಡ್ಡ ಏರುತ್ತದೆ. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ. ಏರಲಾಗದ ಗಾಡಿಯಾಗಿದ್ದರೆ ಬುಡದಲ್ಲೇ ಹೂತು, ಟ್ರ್ಯಾಕ್ಟರಿಗೆ ಫೋನು ಮಾಡಿ, ನಾಚಿಕೊಂಡು ವಾಪಸು ಹೋಗುತ್ತಿತ್ತು.

ಈಗ ಆ ಗುಡ್ಡ ಏನು ಎಂದು ನೋಡಬೇಕು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೋಲಾರದ ಗಣಿಗಳಿಗೆ ಕೈಹಾಕಿದಂದಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿಯಿತು. ಚಿನ್ನ ಬೆಣಚುಕಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಡಿಕೊಂಡಿರುತ್ತದೆ. ಅದನ್ನು ಬಿಡಿಸಲು ಕಲ್ಲನ್ನು ಮಿಲ್ಲುಗಳಲ್ಲಿ ಜಜ್ಜಿ, ನೀರು ಹಾಕಿ ಮೈದಾಹಿಟ್ಟಿನಷ್ಟು ನಯವಾಗಿ ಅರೆಯುತ್ತಿದ್ದರು. ಸೈನೈಡ್ ದ್ರಾವಣ ಆ ಪುಡಿಯಲ್ಲಿನ ಚಿನ್ನವನ್ನು ಕರಗಿಸಿಕೊಂಡು ಹೋಗುತ್ತಿತ್ತು. ಉಳಿದ ಕೆಸರನ್ನು ಪಕ್ಕಕ್ಕೆ ಸುರಿದರು. ನೂರಿಪ್ಪತ್ತು ವರ್ಷ ಸುರಿದದ್ದು ಒಣಗಿ ಹದಿಮೂರು ಗುಡ್ಡಗಳಾದವು. 2024ರ ಜೂನ್‌ನಲ್ಲಿ ಅವುಗಳ ಹರಾಜಿಗೆ ರಾಜ್ಯ ಸಚಿವ ಸಂಪುಟ ಒಪ್ಪಿದಾಗ ಹೊರಬಂದ ಲೆಕ್ಕದ ಪ್ರಕಾರ ಇವು ಹರಡಿರುವುದು ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿ, ತೂಕ ಸುಮಾರು 3.3 ಕೋಟಿ ಟನ್.

ಹೆಸರಿನಲ್ಲಿ ಸೈನೈಡ್ ಇದೆ ಎಂದು ರೋಮಾಂಚನ ಪಡುವವರಿಗೆ ನಿರಾಸೆಯಾಗಬಹುದು: ಬಿಸಿಲು, ಗಾಳಿ ತಾಗಿದ ಸೈನೈಡ್ ಬಹುಮಟ್ಟಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ರೀಲ್ಸ್ ಮಾಡುವವರ ಬೆನ್ನ ಹಿಂದೆ ತಲೆಬುರುಡೆಯ ಚಿತ್ರ ಅಂಟಿಸುವಷ್ಟು ನಾಟಕ ಅಲ್ಲಿಲ್ಲ. ನಿಜವಾದ ಕಾಟ ಆ ಪುಡಿಯದ್ದೇ. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತದೆ. ಕಾಣದಷ್ಟು ಸಣ್ಣದಾದ ಸಿಲಿಕಾ ಕಣ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಕೆಜಿಎಫ್‌ಗೆ ಈ ಪಾಠವನ್ನು ಹೊರಗಿನವರು ಕಲಿಸಬೇಕಿಲ್ಲ. 1940ರ ದಶಕದಲ್ಲಿ ಇಲ್ಲಿನ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದ ಸಮೀಕ್ಷೆಯಲ್ಲಿ ಶೇಕಡ 40ಕ್ಕೂ ಮಿಗಿಲು ಜನರಿಗೆ ಸಿಲಿಕೋಸಿಸ್ ಕಂಡುಬಂತು. ಭಾರತದಲ್ಲಿ ಆ ರೋಗದ ಬಗ್ಗೆ ನಡೆದ ಮೊದಮೊದಲ ದೊಡ್ಡ ಸಮೀಕ್ಷೆಗಳಲ್ಲಿ ಅದೂ ಒಂದು. ಗಣಿಯೊಳಗೆ ಡ್ರಿಲ್ ಹಿಡಿದವರು ಕುಡಿದ ದೂಳಿಗೂ ಗುಡ್ಡದ ದೂಳಿಗೂ ಪ್ರಮಾಣದಲ್ಲಿ ಅಜಗಜಾಂತರ, ಒಪ್ಪಿದೆ. ಆದರೆ ಕಲ್ಲು ಅದೇ ಕಲ್ಲು.

ಈ ಗುಡ್ಡಗಳ ರಕ್ಷಣೆಗೆ ಇರುವುದು ಒಂದೇ ಒಂದು, ಅದೂ ತೆಳುವಾದದ್ದು. ಮಳೆ ಬಿದ್ದು ಒಣಗಿದಾಗ ಮೇಲ್ಮೈಯಲ್ಲಿ ಹೆಪ್ಪುಗಟ್ಟುವ ಒಂದು ಗಟ್ಟಿ ಪದರ. ಬೇರು ಇಳಿಸಿ ಮಣ್ಣು ಕಟ್ಟುವ ಹುಲ್ಲು ಅಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಅಂಚಿನಲ್ಲಿ ಅಲ್ಲಲ್ಲಿ ಜಾಲಿ ನಿಂತಿದೆ, ಅಷ್ಟೆ. ಹಾಗಾಗಿ ಗಾಳಿಯನ್ನು ತಡೆಯುವುದು ಆ ಪದರವೇ. ಎರಡೂವರೆ ಟನ್ನಿನ ಗಾಡಿ ಕಚ್ಚಿನ ಟೈರಿನಲ್ಲಿ ಅದರ ಮೇಲೆ ಗಿರಗಿರನೆ ತಿರುಗಿದರೆ ಪದರ ಒಡೆದು ಒಳಗಿನ ಒಣಪುಡಿ ಬಯಲಾಗುತ್ತದೆ. ವಿಡಿಯೊದಲ್ಲಿ ಚಕ್ರದ ಹಿಂದೆ ಬಿಳಿಯ ಮೋಡ ಏಳುತ್ತದಲ್ಲ, ಎಲ್ಲರೂ ನಿಧಾನಗತಿಯಲ್ಲಿ ತೋರಿಸಿ ಮೆಚ್ಚುಗೆ ಗಿಟ್ಟಿಸುವ ಮೋಡ, ಅದು ಇದೇ ಬೆಣಚುಕಲ್ಲಿನ ಪುಡಿ. ಗಾಡಿಯೊಳಗಿದ್ದವರಿಗೆ ಗಾಜು ಮುಚ್ಚಿದೆ, ಏಸಿ ಇದೆ, ಫಿಲ್ಟರು ಇದೆ. ಗುಡ್ಡದ ಬುಡದಲ್ಲಿರುವ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಅದ್ಯಾವುದೂ ಇಲ್ಲ. ಆಷಾಢದ ಗಾಳಿ ಎದ್ದಾಗ ಅಲ್ಲಿನ ಮನೆಗಳಲ್ಲಿ ನೀರಿನ ಕೊಡಕ್ಕೆ ತಟ್ಟೆ ಮುಚ್ಚುವುದು, ಒಣಗಿಸಿದ ಬಟ್ಟೆ ಒಳಗೆ ತರುವುದು ಇಂದು ನಿನ್ನೆಯ ರೂಢಿಯಲ್ಲ.

ಇಳಿಜಾರಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ, ಅದು ವಿಡಿಯೊದಲ್ಲಿ ಬರುವುದಿಲ್ಲ. ಚಕ್ರದ ಎರಡು ಗೆರೆ ಮುಂದಿನ ಮಳೆಗೆ ಎರಡು ಕಾಲುವೆಯಾಗುತ್ತವೆ. ಗುಡ್ಡಗಳ ಮೈತುಂಬ ಕಾಣುವ ಕೊರಕಲುಗಳು ಮಳೆ ಕೊರೆದವು. ಅದಕ್ಕೆ ಹೊಸ ದಾರಿ ತೋರಿಸಲು ಒಂದು ಬೆಳಗಿನ ಆಟ ಸಾಕು. ಓಡಿಸುವವನಿಗೂ ಕ್ಷೇಮವಿಲ್ಲ. ನೆತ್ತಿಯ ಅಂಚು ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ನೀರು ಕೊರೆದು ಪೊಳ್ಳಾಗಿರುತ್ತದೆ. ಮಳೆಗಾಲದಲ್ಲಿ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದ ಇಂಥ ನಯಪುಡಿ ಭಾರಕ್ಕೂ ಅದುರಾಟಕ್ಕೂ ಹಠಾತ್ತನೆ ಕೆಸರಿನಂತೆ ಜಾರುತ್ತದೆ. ಬಂಡೆಯಾದರೆ ಕಲಿಯಬಹುದು, ಮರಳಾದರೆ ಕಲಿಯಬಹುದು. ಮಿಲ್ಲು ಅರೆದ ಈ ಪುಡಿಯ ನಡತೆ ನಂಬುವಂಥದ್ದಲ್ಲ.

ಗುಡ್ಡಕ್ಕೆ ಇಷ್ಟು ಮಂದಿ ಬರಲು ಶುರುವಾದದ್ದರಲ್ಲಿ ಸಿನಿಮಾದ ಪಾಲು ಇದೆ. ಪ್ರಶಾಂತ್ ನೀಲ್ ಅವರ ಕೆಜಿಎಫ್ ಚಿತ್ರದ ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ ಬಂದ ಮೇಲೆ ಈ ಗುಡ್ಡಗಳು ದೇಶಕ್ಕೆಲ್ಲ ಪರಿಚಿತವಾದವು. ಎರಡನೆಯ ಭಾಗದ ಚಿತ್ರೀಕರಣ ಇಲ್ಲೇ ನಡೆಯುತ್ತಿದ್ದಾಗ, 2019ರ ಆಗಸ್ಟ್‌ನಲ್ಲಿ, ಪರಿಸರಕ್ಕೆ ಹಾನಿಯಾಗುತ್ತಿದೆ ಎಂಬ ದೂರಿನ ಮೇಲೆ ಕೆಜಿಎಫ್‌ನ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ದೂರು ಕೊಟ್ಟದ್ದು ಸ್ಥಳೀಯರು ಎನ್ನುವುದನ್ನು ಗಮನಿಸಬೇಕು. ತಮ್ಮ ಊರಿನ ಹೆಸರನ್ನೇ ಹೊತ್ತ, ಇಡೀ ನಾಡು ಕೊಂಡಾಡಿದ ಚಿತ್ರದ ಮೇಲೆ ಕೋರ್ಟಿಗೆ ಹೋಗುವುದಕ್ಕೆ ಎದೆ ಬೇಕು. ಅದು ಯಾರದೂ ಅಲ್ಲದ ಜಾಗ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಯಾವುದು? ಕಾಗದದ ಮೇಲೂ ಅದಕ್ಕೆ ಒಡೆಯರಿದ್ದಾರೆ. ಗಣಿ ಮುಚ್ಚಿದರೂ ಭೂಮಿ ಕೇಂದ್ರ ಸರ್ಕಾರದ ಸಂಸ್ಥೆಯಾದ ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲೇ ಇದೆ.

ಊರಿನ ಪಾಡು ಗೊತ್ತಿಲ್ಲದೆ ಗುಡ್ಡದ ಪಾಡು ಗೊತ್ತಾಗುವುದಿಲ್ಲ. ಗಣಿ ನಿಂತ ಮೇಲೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರ್ಗಾಂ, ಕೋರಮಂಡಲ್‌ಗಳಿಂದ ಸಾವಿರಾರು ಜನ ನಸುಕಿನ ರೈಲು ಹತ್ತಿ, ಬಂಗಾರಪೇಟೆ ಹಾದು ಬೆಂಗಳೂರಿನಲ್ಲಿ ಕೂಲಿ, ಕಾವಲು, ಕಾರ್ಖಾನೆ ಕೆಲಸ ಮಾಡಿ ರಾತ್ರಿಗೆ ಮನೆ ಸೇರುತ್ತಾರೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ವಾರವಿಡೀ ಆ ಗಾಡಿಯನ್ನು ಒರೆಸುವವನ ಮನೆಯ ಮೇಲೆ ಭಾನುವಾರ ಅದೇ ಗಾಡಿ ದೂಳು ಎಬ್ಬಿಸುತ್ತಿರಲೂಬಹುದು. ಗಾಡಿಯವರು ಬರುವ ದಾರಿ ಈಗ ಇನ್ನೂ ಸಲೀಸು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಬೇತಮಂಗಲ ಭಾಗದಲ್ಲಿ ವಾಹನ ಓಡಾಡತೊಡಗಿದ ಮೇಲೆ ಬೆಳಗಿನ ಕಾಫಿ ಕುಡಿದು ಹೊರಟವರು ಬಿಸಿಲೇರುವ ಮೊದಲೇ ಗುಡ್ಡದ ಬುಡದಲ್ಲಿರುತ್ತಾರೆ. ವಾಪಸು ಹೋಗುವಾಗ ಬಂಗಾರಪೇಟೆಯಲ್ಲಿ ನಿಂತು ಅಲ್ಲಿನ ಹೆಸರುವಾಸಿ ತಿಳಿನೀರಿನ ಪಾನಿಪುರಿ ತಿಂದರೆ ಊರಿಗೆ ಬಂದ ಆದಾಯ ಅಷ್ಟೇ. ಇದನ್ನು ಪ್ರವಾಸೋದ್ಯಮ ಎಂದು ಕರೆಯುವವರಿದ್ದಾರೆ.

ಎದುರುವಾದಗಳಲ್ಲಿ ಎರಡು ಗಟ್ಟಿಯಾಗಿವೆ. ಗಾಳಿ ಹೇಗೂ ದೂಳು ಎಬ್ಬಿಸುತ್ತದೆ, ನಾಲ್ಕು ಗಾಡಿಯಿಂದ ಏನು ಮಹಾ ಎನ್ನುವುದು ಒಂದು. ಪದರ ಒಡೆಯದೆ ಗಾಳಿಗೆ ಅಷ್ಟು ಪುಡಿ ಸಿಗುವುದಿಲ್ಲ ಎಂದು ಆಗಲೇ ಹೇಳಿದೆ; ನಾಲ್ಕು ಗಾಡಿ ಎನ್ನುವುದೂ ಸರಿಯಲ್ಲ, ಒಂದು ವಿಡಿಯೊ ನೋಡಿ ಮುಂದಿನ ವಾರ ಬರುವವರು ಎಷ್ಟು ಮಂದಿ ಎನ್ನುವುದೇ ಲೆಕ್ಕ. ಇನ್ನೊಂದು ವಾದ ನನ್ನನ್ನು ಹೆಚ್ಚು ಕಾಡಿದೆ. ಹರಾಜಾದ ದಿನ ಇಡೀ ಗುಡ್ಡವನ್ನೇ ಬಗೆದು ಮತ್ತೆ ಅರೆಯುತ್ತಾರಲ್ಲ, ಟನ್ನಿಗೆ ಒಂದು ಗ್ರಾಮೂ ಇಲ್ಲದ ಚಿನ್ನಕ್ಕಾಗಿ. ಆಗ ಏಳುವ ದೂಳಿನ ಮುಂದೆ ಟೈರಿನ ದೂಳು ಎಷ್ಟರದು? ಸರಿಯೇ. ಆದರೆ ಬಗೆಯಲು ಬರುವವನು ಪರಿಸರ ಅನುಮತಿ ತರಬೇಕು, ನೀರು ಚಿಮುಕಿಸಬೇಕು, ಗಾಳಿ ಅಳೆದು ವರದಿ ಕೊಡಬೇಕು, ತಪ್ಪಿದರೆ ಜನ ಹಿಡಿದು ಕೇಳಲು ಒಂದು ಕಚೇರಿ ಇರುತ್ತದೆ. ಅವನು ಇದನ್ನೆಲ್ಲ ಪ್ರಾಮಾಣಿಕವಾಗಿ ಮಾಡುತ್ತಾನೆಂಬ ಭ್ರಮೆ ನನಗಿಲ್ಲ. ಭಾನುವಾರದ ಗಾಡಿಯವನನ್ನಂತೂ ಕೇಳುವವರೇ ಇಲ್ಲ.

ಕೆಜಿಎಫ್‌ಗೆ ದಾರಿಯಿಲ್ಲದ ಕಡೆ ನಡೆಯುವ ಯಂತ್ರ ಹೊಸದೇನಲ್ಲ. 1964ರಲ್ಲಿ ಹುಟ್ಟಿದ ಬಿಇಎಂಎಲ್ ಇದೇ ಊರಿನ ಕಾರ್ಖಾನೆಯಲ್ಲಿ ದಶಕಗಳಿಂದ ಬುಲ್‌ಡೋಜರು, ಎಕ್ಸ್‌ಕವೇಟರುಗಳನ್ನು ತಯಾರಿಸುತ್ತಿದೆ. ಜನರ ಬಾಯಲ್ಲಿ ಚೈನ್ ಗಾಡಿ. ಹತ್ತಾರು ಟನ್ನಿನ ಆ ಯಂತ್ರ ಮೆತ್ತನೆಯ ನೆಲದಲ್ಲಿ ಹೂತುಹೋಗದೆ ನಡೆಯುವುದು ಭಾರವನ್ನು ಅಗಲವಾದ ಚೈನಿನ ಮೇಲೆ ಹರಡುವುದರಿಂದ. ಈ ಊರಿನ ಒಬ್ಬ ನಿವೃತ್ತ ಫಿಟ್ಟರ್‌ನನ್ನು ಕೂರಿಸಿಕೊಂಡು ಮಾತಾಡಿಸಿದರೆ, ಹಿಡಿತ ಎಂದರೇನು, ಅಶ್ವಶಕ್ತಿ ಎಲ್ಲಿ ದಂಡ ಎಂಬುದು ಯಾವ ಮಾಡಿಫಿಕೇಷನ್ ಗ್ಯಾರೇಜಿನಲ್ಲಿ ಸಿಗುವುದಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ. ಗಾಡಿಯವರು ಫೋಟೊ ತೆಗೆಯುವ ತರಾತುರಿಯಲ್ಲಿ ಇಂಥವರನ್ನು ದಾಟಿಕೊಂಡು ಹೋಗುತ್ತಾರೆ.

ಹಾಗಾದರೆ ಎಲ್ಲಿ ಓಡಿಸಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಕೋಲಾರ ಜಿಲ್ಲೆಯ ಒಣಗಿದ ಕೆರೆಯಂಗಳಗಳಲ್ಲಿ ಹಿಂದೆ ಗಾಡಿ ಕುಣಿಸುತ್ತಿದ್ದರು, 2018ರಿಂದ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೆ.ಸಿ. ವ್ಯಾಲಿಯ ನೀರು ಹರಿದು ಅವುಗಳಲ್ಲಿ ಹಲವು ತುಂಬಿವೆ, ತುಂಬದವೂ ಊರಿನ ಕುರಿ-ದನಗಳ ಗೋಮಾಳ. ಅದು ಬೇಡ. ಮಾಲೂರು, ಬಂಗಾರಪೇಟೆ ಸುತ್ತ ನೀಲಗಿರಿ ಕಡಿದು ಬುಡ ಕೀಳಿಸಿದ ಖಾಸಗಿ ಜಮೀನುಗಳಿವೆ: ಏರು, ತಗ್ಗು, ಕಲ್ಲು, ಜೇಡಿ ಎಲ್ಲ ಇರುವ ನೆಲ. ಒಡೆಯನನ್ನು ಕೇಳಿ, ದಿನದ ಬಾಡಿಗೆ ಮಾತಾಡಿ, ಬಿತ್ತನೆಗೆ ಮುಂಚಿನ ತಿಂಗಳಲ್ಲಿ ಓಡಿಸಿದರೆ ಆಮೇಲೆ ಟ್ರ್ಯಾಕ್ಟರ್ ಒಂದು ಸಾಲು ಉತ್ತು ಚಕ್ರದ ಗುರುತು ಅಳಿಸುತ್ತದೆ. ಹೂತುಹೋದರೆ ಎಳೆಯಲು ಅದೇ ಟ್ರ್ಯಾಕ್ಟರು ಪಕ್ಕದಲ್ಲೇ ಇರುತ್ತದೆ. ಅಲ್ಲಿಗೆ ಯಾರಾದರೂ ಹಳೆಯ ಕಯೆನ್ ತಂದು, ಟೈರಿನ ಗಾಳಿ ಇಳಿಸಿ, ಲೋ ರೇಂಜ್‌ಗೆ ಹಾಕಿದರೆ ನೋಡಲು ನಾನೂ ಬರುತ್ತೇನೆ. ಜಿಪ್ಸಿಯವರನ್ನೂ ಕರೆಯಿರಿ.